ಎತ್ತಿನ ಗಾಡಿ ಗಾಲಿಯಿಂದ ಪಿಕಪ್ ಗಾಲಿವರೆಗೆ: 14 ಇಂಚೋ, 15 ಇಂಚೋ?

ಹದಿನೈದು ದಿನದಿಂದ ನಮ್ಮ ಮನೇಲಿ ಒಂದೇ ಪಂಚಾಯ್ತಿ. ಪಿಕಪ್ ತಗೋಬೇಕು, ಯಾವುದು ಅನ್ನೋದೇ ತೀರ್ಮಾನ ಆಗ್ತಿಲ್ಲ. ತಮ್ಮನಿಗೆ 15 ಇಂಚಿನ ಗಾಲಿದೇ ಆಗಬೇಕು. ಅಮ್ಮ ಶೋರೂಮಿನಲ್ಲಿ ಅದರ ಹಿಂದೆ ನಿಂತು ಕೈ ಎತ್ತಿ ಅಳತೆ ನೋಡಿದ್ರು. "ನೀವಿಬ್ರೂ ಮದ್ದೂರು ಮಾರ್ಕೆಟ್ಟಲ್ಲಿ ನಿಂತಿರ್ತೀರ. ಇಲ್ಲಿ ಎಳನೀರು ತುಂಬೋರು ನಾವು ಹೆಂಗಸ್ರು ಕಣಪ್ಪ. ಇಷ್ಟು ಎತ್ತರಕ್ಕೆ ದಿನಾ ಯಾರು ಎತ್ತೋರು?" ಅಂದ್ರು. ತಮ್ಮನ ಮಾತೂ ಸುಳ್ಳಲ್ಲ. ನಾಲೆ ಏರಿಯಿಂದ ತೋಟಕ್ಕೆ ಇಳಿಯೋ ದಾರೀಲಿ ಹೋದ ಮಳೆಗಾಲ ಬಾಡಿಗೆ ಗಾಡಿ ಹೂತುಕೊಂಡು, ಒಂದು ಲೋಡ್ ಕಾಯಿ ಇಳಿಸಿ ಮತ್ತೆ ತುಂಬಿದ್ದು ಮರೆತಿಲ್ಲ.

ಈ ಜಗಳ ಹೊಸದಲ್ಲ ಅಂತ ನನಗೆ ಹೊಳೆದದ್ದು ಕೊಟ್ಟಿಗೆ ಗೋಡೆಗೆ ಒರಗಿಸಿರೋ ತಾತನ ಗಾಡಿಯ ಗಾಲಿ ನೋಡಿದಾಗ. ನೆಲಕ್ಕೆ ನಿಲ್ಲಿಸಿದರೆ ನನ್ನ ಎದೆಮಟ್ಟ ಬರುತ್ತೆ. ಮಧ್ಯೆ ಗುಂಬ, ಅದರಿಂದ ಹೊರಟ ಅರೆಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಹಳಿ. ಹಳಿ ಕಟ್ಟೋದು ನಮ್ಮ ಹಿರಿಯರು ನೋಡಿರ್ತಾರೆ. ಬೆರಣಿ ಬೆಂಕೀಲಿ ಹಳಿಯನ್ನ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ, ತಕ್ಷಣ ನೀರು ಹೊಯ್ಯೋರು. ಹಳಿ ಕುಗ್ಗಿ, ಅರೆ ಗುಂಬ ಎಲ್ಲಾ ಒಂದಾಗಿ ಬಿಗಿದುಕೊಳ್ಳೋದು. ಮೊಳೆಯ ಹಂಗೇ ಇಲ್ಲ.

ಅಷ್ಟು ದೊಡ್ಡ ಗಾಲಿ ಯಾಕೆ? ಶೋಕಿಗಲ್ಲ. ಒಂದು ಗೇಣು ಆಳದ ಗುಂಡಿಗೆ ಸಣ್ಣ ಗಾಲಿ ಪೂರ್ತಿ ಇಳಿದುಬಿಡುತ್ತೆ, ದೊಡ್ಡದು ಅಂಚಿನಿಂದ ಅಂಚಿಗೆ ದಾಟುತ್ತೆ. ಕಲ್ಲು ಸಿಕ್ಕರೂ ಅಷ್ಟೇ. ದೊಡ್ಡ ಗಾಲಿ ನಿಧಾನಕ್ಕೆ ಹತ್ತುತ್ತೆ, ಎತ್ತಿನ ಕತ್ತಿಗೆ ಹೊಡೆತ ಕಡಿಮೆ. ದಾರಿಯೇ ಇಲ್ಲದ ಕಾಲದಲ್ಲಿ ಗಾಲಿಯೇ ದಾರಿಯ ಕೆಲಸ ಮಾಡಬೇಕಿತ್ತು. ಇದಕ್ಕೆ ಬೆಲೆ ತೆತ್ತದ್ದು ತುಂಬೋ ಜನ. ಗಾಲಿ ದೊಡ್ಡದಾದರೆ ಅಚ್ಚು ಮೇಲೆ, ಅಚ್ಚಿನ ಮೇಲೆ ಗಾಡಿಯ ಹಾಸು. ಮೇಲೊಬ್ಬ, ಕೆಳಗೊಬ್ಬ ಇಲ್ಲದೆ ಹೊರೆ ಏರಿಸೋಕೆ ಆಗ್ತಿರಲಿಲ್ಲ.

ಮಂಡ್ಯದ ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಆಮೇಲೆ ನಮ್ಮ ಕಡೆ ಗಾಡಿಗಳಿಗೆ ಬಿಡುವೇ ಇಲ್ಲ. ಕಬ್ಬಿನಂಥ ಭಾರವನ್ನ ಆ ಎತ್ತರಕ್ಕೆ ಎತ್ತಿ ಎತ್ತಿ ಸೊಂಟ ಬಿದ್ದವರ ಕಥೆ ಪ್ರತಿ ಊರಲ್ಲೂ ಇದೆ. ಬದಲಾವಣೆ ಬಂದದ್ದು ರಬ್ಬರ್ ಟಯರಿನಿಂದ. ಬೆಲ್‌ಫಾಸ್ಟ್‌ನಲ್ಲಿ ಡನ್ಲಪ್ ಅನ್ನೋ ಪಶುವೈದ್ಯ ಮಗನ ಸೈಕಲ್ಲಿಗಂತ ಗಾಳಿ ತುಂಬಿದ ಟಯರ್ ಮಾಡಿದ್ದು 1888ರ ಸುಮಾರಿಗೆ. ಅವನ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆಗೀತು, ಎತ್ತಿನ ಗಾಡಿಗೂ ಟಯರ್ ಬಂತು. ನಮ್ಮಲ್ಲಿ ಲಾರಿ, ಕಾರಿನ ಹಳೇ ಟಯರೇ ಹೆಚ್ಚು ಗಾಡಿಗೆ ಬಂದವು ಅನ್ನಿ. ಎದೆಮಟ್ಟದ ಗಾಲಿ ಮೊಣಕಾಲು ದಾಟಿ ಒಂದು ಗೇಣಿಗೆ ಇಳೀತು. ಹಾಸು ತಗ್ಗಾಯ್ತು, ಅದೇ ಜೋಡಿ ಎತ್ತು ಹೆಚ್ಚು ಕಬ್ಬು ಎಳೆದವು.

ಸಣ್ಣ ಗಾಲಿ ಆದರೂ ಕೆಸರಲ್ಲಿ ಹೂಳಲಿಲ್ಲವಲ್ಲ, ಹೆಂಗೆ? ಹಳಿಯ ಅಗಲ ಎರಡು ಮೂರು ಬೆರಳು, ಚಾಕು ಹಾಕಿದ ಹಾಗೆ ಮಣ್ಣು ಸೀಳೋದು. ಟಯರ್ ಅಗಲ, ಮೇಲಾಗಿ ಭಾರಕ್ಕೆ ಚಪ್ಪಟೆ ಆಗಿ ಕೂರುತ್ತೆ. ಎತ್ತರ ಕೊಡ್ತಿದ್ದ ಅನುಕೂಲದ ಒಂದು ಪಾಲನ್ನ ಅಗಲ ಕೊಟ್ಟಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಿಂದಲೇ ಎತ್ತಿನ ಗಾಡಿ ಸುಧಾರಣೆಯ ಹಿಂದೆ ಬಿದ್ದಿದ್ದರು. ಹಳಿ ಗಾಲಿಯಿಂದ ರಸ್ತೆಗೂ ಕೇಡು, ಎತ್ತಿಗೂ ಕೇಡು ಅಂತ ಅವರ ವಾದ. ಮ್ಯಾನೇಜ್‌ಮೆಂಟ್ ಪಾಠದ ಜಾಗದಲ್ಲಿ ಕೂತು ಎತ್ತಿನ ಕತ್ತಿನ ಬಗ್ಗೆ ಯೋಚಿಸಿದವರು, ಅದಕ್ಕೇ ನನಗೆ ಅವರ ಮೇಲೆ ಗೌರವ.

ಮೋಟಾರಿನ ಕಥೆಯೂ ಇದೇ ದಾರೀಲಿ ಬಂತು. ಯುದ್ಧಕ್ಕಂತ ಮಾಡಿದ ವಿಲ್ಲೀಸ್ ಜೀಪಿಗೆ 16 ಇಂಚಿನ ಗಾಲಿ. ದಾರಿಯಿಲ್ಲದ ಕಡೆ ಹೋಗಬೇಕಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರದವರು ಅದನ್ನ ಇಲ್ಲಿ ಜೋಡಿಸೋಕೆ ಶುರು ಮಾಡಿದರು. 2000ದಲ್ಲಿ ಗ್ರಾಮ ಸಡಕ್ ಯೋಜನೆ ಬಂತು, ಹಳ್ಳಿ ಹಳ್ಳಿಗೆ ಟಾರು ಬೀಳೋಕೆ ಹತ್ತಿತು. 2005ಕ್ಕೆ ಟಾಟಾ ಏಸ್ ಬಂತು, 12 ಇಂಚಿನ ಗಾಲಿ! ಆ ಗಾಲಿ ಹಳ್ಳಿಗಳಲ್ಲಿ ನಿಂತದ್ದು ಟಾರಿನ ದೆಸೆಯಿಂದ ಅಂತ ನನ್ನ ಲೆಕ್ಕ. ದಾರಿ ಸುಧಾರಿಸಿದಷ್ಟೂ ಗಾಲಿ ಸಣ್ಣದಾಗಬಹುದು, ತುಂಬೋರ ಕೈಗೆ ಹಾಸು ಎಟುಕುತ್ತೆ.

ಈಗ ನಮ್ಮನೆ ಲೆಕ್ಕ. ಒಂದು ಗಾಡಿಗೆ 185 ಆರ್ 14, ಇನ್ನೊಂದಕ್ಕೆ 7.00 ಆರ್ 15. 14, 15 ಅನ್ನೋದು ಡಿಸ್ಕಿನ ಅಳತೆ ಮಾತ್ರ, ಟಯರ್ ಸೇರಿಸಿದ ಎತ್ತರ ಅಲ್ಲ. ಟಯರ್ ಸೇರಿದರೆ ಮೊದಲನೇದು ಸುಮಾರು 65 ಸೆಂಟಿಮೀಟರ್, ಎರಡನೇದು 75ರ ಹತ್ತಿರ. ಅಂದರೆ ಅಚ್ಚು 5 ಸೆಂಟಿಮೀಟರ್ ಮೇಲೆ. ದೊಡ್ಡದಕ್ಕೆ ಪಟ್ಟಾನೂ ದಪ್ಪ, ಹಾಗಾಗಿ ಹಾಸು ಅದಕ್ಕಿಂತ ಜಾಸ್ತಿ ಏರುತ್ತೆ. 14ರದನ್ನೇ ತಗೊಂಡು ದೊಡ್ಡ ಟಯರ್ ಹಾಕಿಸೋಣ ಅಂತಲೂ ತಮ್ಮ ಅಂದ. ಬೇಡ ಅಂದೆ. ಇಂಜಿನ್ನು ಗೇರು ಬ್ರೇಕು ಎಲ್ಲಾ ಹಳೇ ಗಾಲಿಗೆ ಲೆಕ್ಕ ಹಾಕಿ ಕೂರಿಸಿರೋದು. ಗಾಲಿ ದೊಡ್ಡದಾದರೆ ಏರಿಯಲ್ಲಿ ಎಳೆತ ಕಡಿಮೆ, ಇಳಿಜಾರಲ್ಲಿ ಬ್ರೇಕಿನ ಹಿಡಿತ ಕಡಿಮೆ, ಮೀಟರೂ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತೆ.

ನಮಗೆ ಕಷ್ಟ ಇರೋದು ಅರ್ಧ ಕಿಲೋಮೀಟರ್ ದಾರಿ, ಅದೂ ವರ್ಷಕ್ಕೆ ಮೂರು ನಾಲ್ಕು ತಿಂಗಳು. ಎತ್ತೋ ಕೆಲಸ ವರ್ಷಪೂರ್ತಿ. ಅದಕ್ಕೇ 14ರದ್ದಕ್ಕೇ ಅಡ್ವಾನ್ಸ್ ಕೊಟ್ಟು ಬಂದೆ. ತಮ್ಮ ಇನ್ನೂ ಮುಖ ಊದಿಸಿಕೊಂಡಿದ್ದಾನೆ.

ಆ ದಾರೀಲಿ ತೋಟ ಇರೋರು ನಾಲ್ಕು ಮನೆಯವರು, ನಾಲ್ವರೂ ಇದನ್ನ ಓದ್ತೀರ ಅಂತ ಗೊತ್ತು. ತಲಾ ಎರಡು ಟ್ರ್ಯಾಕ್ಟರ್ ಗ್ರಾವೆಲ್ ಹಾಕಿದರೆ ತೂಬಿನ ಹತ್ತಿರದ ಗುಂಡಿ ಮುಚ್ಚುತ್ತೆ. ನಮ್ಮ ಪಾಲು ಈ ಭಾನುವಾರ ಬೆಳಿಗ್ಗೆ ಬರುತ್ತೆ, ಗುದ್ದಲಿ ಹಿಡ್ಕೊಂಡು ಬನ್ನಿ.