ಪ್ರಯೋಗಾಲಯದ ಕಪ್ಪೆಗೆ ಊಟವೇನು?

ಕೆಲವು ವರ್ಷಗಳ ಹಿಂದಿನವರೆಗೆ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವರಿಗೆ ಕಪ್ಪೆಯ ನೆನಪು ಅಳಿಯುವಂಥದ್ದಲ್ಲ. ಮೇಣ ಹಾಕಿದ ತಟ್ಟೆ, ಕ್ಲೋರೋಫಾರ್ಮ್ ವಾಸನೆ, ನಾಲ್ಕೂ ಕಾಲಿಗೆ ಗುಂಡುಸೂಜಿ ಚುಚ್ಚಿಸಿಕೊಂಡು ಅಂಗಾತ ಮಲಗಿದ ಕಪ್ಪೆ. ಅದರ ಜಠರ, ಕರುಳು, ಪಿತ್ತಜನಕಾಂಗಗಳನ್ನು ಗುರುತಿಸಿ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯುತ್ತಿದ್ದ ವಿದ್ಯಾರ್ಥಿಗೆ ಒಂದು ಪ್ರಶ್ನೆ ಮಾತ್ರ ಹೊಳೆಯುತ್ತಿರಲಿಲ್ಲ. ಈ ಕಪ್ಪೆ ಕೊನೆಯ ಬಾರಿ ಊಟ ಮಾಡಿದ್ದು ಯಾವಾಗ?

ಪ್ರಶ್ನೆ ಹೊಳೆಯದಿರಲು ಕಾರಣವಿತ್ತು. ಗದ್ದೆಯಿಂದ ಹಿಡಿದು ತಂದ ಕಪ್ಪೆ ಪ್ರಯೋಗಾಲಯದಲ್ಲಿ ಹೆಚ್ಚು ದಿನ ಬದುಕಿರಬೇಕಾದ ಅಗತ್ಯವೇ ಇರಲಿಲ್ಲ. ಹಾಗಾಗಿ ಅದಕ್ಕೆ ಊಟವೂ ಬೇಕಿರಲಿಲ್ಲ. ಇದು ನಮ್ಮಲ್ಲಿ ಮಾತ್ರ ಇದ್ದ ರೂಢಿಯಲ್ಲ. 18ನೇ ಶತಮಾನದ ಕೊನೆಯಲ್ಲಿ ಇಟಲಿಯ ಗಾಲ್ವಾನಿ ಕಪ್ಪೆಯ ಕಾಲಿನಲ್ಲಿ ವಿದ್ಯುತ್ತಿನ ಗುಟ್ಟು ಹುಡುಕಿದ ಕಾಲದಿಂದಲೂ ಕಪ್ಪೆ ವಿಜ್ಞಾನಿಗಳಿಗೆ ಒಂದು ಸಾಮಗ್ರಿಯೇ ಆಗಿತ್ತು. ಬೇಕಾದಾಗ ತರಿಸುವುದು, ತಂಪಾದ ಜಾಗದಲ್ಲಿ ಇಡುವುದು, ಬಳಸುವುದು. ಕಪ್ಪೆಯನ್ನು ವರ್ಷಗಟ್ಟಲೆ ಸಾಕಿ, ಮರಿ ಮಾಡಿಸಿ, ತಲೆಮಾರುಗಳನ್ನು ಬೆಳೆಸಬೇಕಾದ ಸಂದರ್ಭ ಬಂದದ್ದು 20ನೇ ಶತಮಾನದಲ್ಲಿ. ಆಗ ಊಟದ ಪ್ರಶ್ನೆ ಎದುರಾಯಿತು. ಉತ್ತರ ಸುಲಭವಾಗಿರಲಿಲ್ಲ.

ಮುಂದಿದ್ದರೂ ಕಾಣದ ಊಟ

ಕಪ್ಪೆಗೆ ಊಟ ಹಾಕುವುದು ನಾಯಿಗೋ ಇಲಿಗೋ ಹಾಕಿದಂತಲ್ಲ. ಸಾಮಾನ್ಯ ಕಪ್ಪೆ ಚಲಿಸುವುದನ್ನು ಮಾತ್ರ ತಿನ್ನುತ್ತದೆ. ಇದರ ಕಾರಣದ ಮೇಲೆ ಬೆಳಕು ಚೆಲ್ಲಿದ್ದು 1959ರ ಒಂದು ಪ್ರಸಿದ್ಧ ಸಂಶೋಧನೆ. ಅಮೆರಿಕದ ಎಂಐಟಿಯಲ್ಲಿ ಲೆಟ್‌ವಿನ್, ಮಟುರಾನಾ, ಮೆಕಲಕ್ ಮತ್ತು ಪಿಟ್ಸ್ ಎಂಬ ನಾಲ್ವರು ಕಪ್ಪೆಯ ಕಣ್ಣಿನಿಂದ ಮಿದುಳಿಗೆ ಹೋಗುವ ನರತಂತುಗಳನ್ನು ಪರೀಕ್ಷಿಸಿದರು. ಸಣ್ಣದಾದ, ಕಪ್ಪಾದ, ಅಲುಗಾಡುವ ವಸ್ತು ಕಂಡರೆ ಮಾತ್ರ ಸುದ್ದಿ ಕಳಿಸುವ ತಂತುಗಳು ಅಲ್ಲಿದ್ದವು. ಅಂದರೆ ಕಪ್ಪೆಯ ಕಣ್ಣು ನೋಡುವುದಷ್ಟೇ ಅಲ್ಲ, ಹುಳುವನ್ನು ಆರಿಸಿಯೂ ಕೊಡುತ್ತದೆ. ಸುತ್ತಲೂ ಸತ್ತ ನೊಣಗಳನ್ನು ಹರಡಿಟ್ಟರೂ ಕಪ್ಪೆ ಹಸಿದೇ ಸಾಯಬಹುದು ಎಂಬುದಕ್ಕೆ ಇದರಲ್ಲಿ ವಿವರಣೆ ಸಿಕ್ಕಿತು.

ಹೀಗಾಗಿ ಕಪ್ಪೆ ಸಾಕುವವರು ಮೊದಲು ಹುಳು ಸಾಕಬೇಕಾಗುತ್ತಿತ್ತು. ಎರೆಹುಳು, ನೊಣ, ಮಿಡತೆ, ರಾತ್ರಿ ಹೊತ್ತು ಕಿರ್ರೆನ್ನುವ ಚಿಮ್ಮಂಡೆ, ಏನೇ ಆದರೂ ಜೀವಂತ ಬೇಕು. ಅದಾಗದವರು ಮಾಂಸದ ಚೂರನ್ನು ಚಿಮಟದಲ್ಲಿ ಹಿಡಿದು ಕಪ್ಪೆಯ ಮುಂದೆ ಅಲ್ಲಾಡಿಸುತ್ತಿದ್ದರು. ಇಲ್ಲವೇ ಬಾಯಿ ತೆರೆಸಿ ತುರುಕುತ್ತಿದ್ದರು. ನೂರಾರು ಕಪ್ಪೆಗಳಿಗೆ ಹೀಗೆ ಕೈತುತ್ತು ಕೊಡುವುದು ಯಾರಿಂದ ಸಾಧ್ಯ? ಬಹುತೇಕ ಪ್ರಯೋಗಾಲಯಗಳು ಕಂಡುಕೊಂಡ ದಾರಿ ತಂಪು ಪೆಟ್ಟಿಗೆ. ಚಳಿಯಲ್ಲಿ ಕಪ್ಪೆ ಮಂಕಾಗಿ ಬಿದ್ದಿರುತ್ತದೆ, ಊಟ ಕೇಳುವುದಿಲ್ಲ. ಆದರೆ ಉಪವಾಸ ಮತ್ತು ಇಕ್ಕಟ್ಟಿನಿಂದ ಸೊರಗಿದ ಕಪ್ಪೆಗಳಿಗೆ 'ಕೆಂಪು ಕಾಲು' ಎಂಬ ಸೋಂಕು ತಗಲಿ, ತೊಡೆಯ ಚರ್ಮ ರಕ್ತಗಟ್ಟಿದಂತಾಗಿ ಗುಂಪುಗುಂಪಾಗಿ ಸಾಯುತ್ತಿದ್ದವು. ಸತ್ತವುಗಳ ಜಾಗಕ್ಕೆ ಹೊಸವು ಬರುತ್ತಿದ್ದವು.

ನಾಲಿಗೆಯಿಲ್ಲದ ಕಪ್ಪೆಯ ಪ್ರವೇಶ

ಈ ಕಥೆಗೆ ತಿರುವು ಸಿಕ್ಕಿದ್ದು ದಕ್ಷಿಣ ಆಫ್ರಿಕದಲ್ಲಿ. ಇಂಗ್ಲೆಂಡಿನ ಜೀವವಿಜ್ಞಾನಿ ಲಾನ್ಸೆಲಾಟ್ ಹಾಗ್‌ಬೆನ್ 1927ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಕ್ಸೆನೋಪಸ್ ಎಂಬ ಉಗುರುಗಪ್ಪೆ. ಹಿಂಗಾಲಿನ ಮೂರು ಬೆರಳುಗಳಲ್ಲಿ ಉಗುರು, ನುಣ್ಣನೆಯ ಮೈ, ಜೀವನಪೂರ್ತಿ ನೀರಿನಲ್ಲೇ ವಾಸ. ನಾಲಿಗೆಯಂತೂ ಇಲ್ಲವೇ ಇಲ್ಲ.

ನಾಲಿಗೆ ಇಲ್ಲದ್ದೇ ಅದರ ಅದೃಷ್ಟವಾಯಿತೆನ್ನಬಹುದು. ನಾಲಿಗೆ ಚಾಚಿ ಹುಳು ಹಿಡಿಯುವ ಬದಲು ಉಗುರುಗಪ್ಪೆ ವಾಸನೆಯಿಂದಲೂ ನೀರಿನ ಅಲುಗಾಟದಿಂದಲೂ ಆಹಾರ ಪತ್ತೆಮಾಡಿ, ಮುಂಗೈಗಳಿಂದ ಬಾಯಿಗೆ ನೂಕಿಕೊಳ್ಳುತ್ತದೆ. ಆಹಾರ ಜೀವಂತವಾಗಿರಬೇಕೆಂಬ ಹಟ ಅದಕ್ಕಿಲ್ಲ. ಕಸಾಯಿಖಾನೆಯಿಂದ ತಂದ ಲಿವರ್ ಚೂರು, ಹೃದಯದ ಮಾಂಸ, ಯಾವುದಾದರೂ ಸೈ. ತೊಟ್ಟಿಗೆ ಎಸೆದರೆ ಮುಗಿಯಿತು.

1930ರ ದಶಕದಲ್ಲಿ ಈ ಗುಣಕ್ಕೆ ಎಲ್ಲಿಲ್ಲದ ಬೆಲೆ ಬಂತು. ಗರ್ಭಿಣಿಯ ಮೂತ್ರದಲ್ಲಿರುವ ಹಾರ್ಮೋನನ್ನು ಚುಚ್ಚಿದರೆ ಹೆಣ್ಣು ಉಗುರುಗಪ್ಪೆ ಗಂಟೆಗಳೊಳಗೆ ಮೊಟ್ಟೆ ಇಡುತ್ತದೆ ಎಂಬುದು ಹಾಗ್‌ಬೆನ್ ಮತ್ತು ಕೇಪ್‌ಟೌನಿನ ಶಪೀರೊ, ಜ್ವಾರೆನ್‌ಸ್ಟೈನ್ ಮೊದಲಾದವರ ಕೆಲಸದಿಂದ ತಿಳಿಯಿತು. ಅದಕ್ಕೂ ಮುನ್ನ ಗರ್ಭ ಪರೀಕ್ಷೆಗೆ ಇಲಿ, ಮೊಲಗಳನ್ನು ಕೊಂದು ಅಂಡಾಶಯ ನೋಡಬೇಕಿತ್ತು. ಉಗುರುಗಪ್ಪೆಯನ್ನು ಕೊಲ್ಲಬೇಕಿಲ್ಲ. ಕೆಲವು ವಾರ ಬಿಟ್ಟು ಅದನ್ನೇ ಮತ್ತೆ ಬಳಸಬಹುದು. ಹಾಗೆ ಬಳಸಬೇಕಾದರೆ ಅದು ಆರೋಗ್ಯವಾಗಿರಬೇಕು, ಆರೋಗ್ಯವಾಗಿರಬೇಕಾದರೆ ಊಟ ಬೇಕು. ಕಪ್ಪೆಗೆ ಹೊತ್ತುಹೊತ್ತಿಗೆ ಊಟ ಹಾಕುವುದು ಆಸ್ಪತ್ರೆಯ ಕೆಲಸಗಳಲ್ಲಿ ಒಂದಾಯಿತು. 1960ರ ದಶಕದಲ್ಲಿ ಪ್ರಾಣಿಯ ನೆರವಿಲ್ಲದ ಪರೀಕ್ಷೆಗಳು ಬರುವವರೆಗೂ ಇದು ನಡೆಯಿತು. ಅಷ್ಟರಲ್ಲಿ ಜಗತ್ತಿನ ಅನೇಕ ನಗರಗಳ ಪ್ರಯೋಗಾಲಯಗಳಲ್ಲಿ ಈ ಕಪ್ಪೆ ನೆಲೆಯೂರಿತ್ತು.

ಹೊಟ್ಟೆ ತುಂಬಿದರೂ ಮೂಳೆ ಮೆತ್ತಗೆ

ಹೊಟ್ಟೆ ತುಂಬಿಸುವುದೇ ಪೋಷಣೆಯಲ್ಲ ಎಂಬ ಪಾಠ ಬೇಗನೇ ಸಿಕ್ಕಿತು. 1950ರಲ್ಲಿ ಬ್ರಿಟನ್ನಿನ ಬ್ರೂಸ್ ಮತ್ತು ಪಾರ್ಕ್ಸ್ ಎಂಬ ಸಂಶೋಧಕರು ಸಾಕಿದ ಉಗುರುಗಪ್ಪೆಗಳಲ್ಲಿ ರಿಕೆಟ್ಸ್ ಮತ್ತು ಮೂಳೆ ಸವೆತ ಕಂಡುದನ್ನು ವರದಿ ಮಾಡಿದರು. ಬಿಸಿಲು, ಹಾಲು ಕಾಣದ ಮಕ್ಕಳನ್ನು ಕಾಡುವ ರಿಕೆಟ್ಸ್ ಕಪ್ಪೆಗೂ ಬಂದಿತ್ತು. ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರಾ ಕಡಿಮೆ. ಕಾಡಿನ ಕಪ್ಪೆ ಇಡೀ ಹುಳುವನ್ನು, ಇಡೀ ಮೀನುಮರಿಯನ್ನು ನುಂಗುತ್ತದೆಯೇ ಹೊರತು ಆಯ್ದ ಮಾಂಸದ ಚೂರನ್ನಲ್ಲ.

ಹುಳು ತಿನ್ನಿಸಿದವರಿಗೂ ಇದೇ ತೊಂದರೆ. ಚಿಮ್ಮಂಡೆಯಲ್ಲೂ ಸುಣ್ಣ ಕಡಿಮೆ. ಅದಕ್ಕೆಂದೇ ಹುಳುವಿನ ಮೈಗೆ ಸುಣ್ಣದಂಶದ ಪುಡಿ ಸವರಿ ಕೊಡುವುದು, ಕಪ್ಪೆಗೆ ಹಾಕುವ ಒಂದೆರಡು ದಿನ ಮೊದಲು ಹುಳುವಿಗೇ ಪುಷ್ಟಿಯಾದ ಆಹಾರ ತಿನ್ನಿಸುವುದು ರೂಢಿಗೆ ಬಂತು. ಕಪ್ಪೆಯ ಊಟದ ಊಟವನ್ನೂ ವಿಚಾರಿಸಬೇಕಾಯಿತು.

ಗೊದಮೊಟ್ಟೆಗಳ ಕಥೆಯೇ ಬೇರೆ. ಅನೇಕ ಜಾತಿಯ ಗೊದಮೊಟ್ಟೆಗಳು ಪಾಚಿ, ಸೊಪ್ಪು ಕೆರೆದು ತಿನ್ನುತ್ತವೆ. ಉಗುರುಗಪ್ಪೆಯ ಗೊದಮೊಟ್ಟೆ ನೀರನ್ನು ಸೋಸಿ ಕಣಗಳನ್ನಷ್ಟೇ ನುಂಗುತ್ತದೆ. ಹಾಗಾಗಿ ಯೂರೋಪಿನಲ್ಲಿ ತುರಿಕೆ ಗಿಡದ ಎಲೆಯನ್ನು ಒಣಗಿಸಿ, ನುಣ್ಣಗೆ ಪುಡಿಮಾಡಿ ನೀರಿಗೆ ಕದಡುತ್ತಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್.ಕೆ. ಸೈದಾಪುರ ಮತ್ತು ಸಂಗಡಿಗರು, ಗೊದಮೊಟ್ಟೆಗಳು ಒಡಹುಟ್ಟಿದವುಗಳನ್ನು ಗುರುತು ಹಿಡಿಯುತ್ತವೆಯೇ ಎಂದು ನಡೆಸಿದ ಅಧ್ಯಯನಗಳಲ್ಲಿ ಅವುಗಳಿಗೆ ಸಿಗುತ್ತಿದ್ದುದು ಬೇಯಿಸಿದ ಪಾಲಕ್ ಸೊಪ್ಪು. ಸೊಪ್ಪಿಗೂ ಮಿತಿ ಬೇಕು. ಪಾಲಕ್ ಒಂದನ್ನೇ ದೀರ್ಘಕಾಲ ತಿಂದವುಗಳಲ್ಲಿ ಅದರ ಆಕ್ಸಲೇಟ್‌ನಿಂದ ಮೂತ್ರಪಿಂಡದ ಕಲ್ಲು ಬೆಳೆದು ಸಾವು ಸಂಭವಿಸುವುದನ್ನು 1965ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಊಟವೇ ಒಂದು ದೊಡ್ಡ ಶೋಧಕ್ಕೆ ದಾರಿಯಾದ ಪ್ರಸಂಗವೂ ಉಂಟು. 1912ರಲ್ಲಿ ಗೂಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಬೇರೆ ಬೇರೆ ಪ್ರಾಣಿ ಅಂಗಗಳನ್ನು ತಿನ್ನಿಸಿ ನೋಡಿದರು. ಥೈರಾಯ್ಡ್ ಗ್ರಂಥಿ ತಿಂದವು ಬೆಳೆಯುವ ಮೊದಲೇ ಬಾಲ ಕಳೆದುಕೊಂಡು ಪುಟಾಣಿ ಕಪ್ಪೆಗಳಾದವು. ಥೈರಾಯ್ಡ್ ರಸಕ್ಕೂ ದೇಹದ ರೂಪಾಂತರಕ್ಕೂ ಇರುವ ನಂಟು ಹೀಗೆ ಬಯಲಾಯಿತು.

ಗದ್ದೆ ಬರಿದಾದಾಗ

ಊಟ ಹಾಕದೆ ತಂದು ಮುಗಿಸುವ ಪದ್ಧತಿಗೂ ಕೊನೆಯಿತ್ತು. ಅಮೆರಿಕದಲ್ಲಿ ಶಾಲೆ, ಪ್ರಯೋಗಾಲಯಗಳಿಗೆಂದು ಚಿರತೆಗಪ್ಪೆಗಳನ್ನು ವರ್ಷವರ್ಷವೂ ಲಕ್ಷಗಟ್ಟಲೆ ಹಿಡಿಯಲಾಗುತ್ತಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಅವು ಹಿಡಿಯಲು ಸಿಗುವುದೇ ಕಡಿಮೆಯಾಯಿತು. ಜೀವಂತ ಕಪ್ಪೆಗಳ ಕಾಲವೇ ಮುಗಿಯುತ್ತಿದೆ ಎಂದು 1971ರಲ್ಲಿ 'ಬಯೋಸೈನ್ಸ್' ಪತ್ರಿಕೆಯ ಲೇಖನವೊಂದು ಎಚ್ಚರಿಸಿತು. ಅದನ್ನು ಬರೆದವರಲ್ಲಿ ಒಬ್ಬರಾದ ಜಾರ್ಜ್ ನೇಸ್, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಪ್ಪೆಗಳನ್ನು ಅಲ್ಲಿಯೇ ಹುಟ್ಟಿಸಿ ಬೆಳೆಸುವ ಕೇಂದ್ರ ನಡೆಸುತ್ತಿದ್ದರು. ಅವರ ನೇತೃತ್ವದಲ್ಲಿ 1974ರಲ್ಲಿ ಕಪ್ಪೆ ಸಾಕಣೆಯ ಮಾರ್ಗದರ್ಶಿಯೊಂದು ಹೊರಬಂತು. ಭಾರತದಲ್ಲಿ ಬರಿದಾಗುತ್ತಿದ್ದುದು ಕಪ್ಪೆ ಕಾಲಿನ ರಫ್ತಿನಿಂದ. ಅದನ್ನು ಸರ್ಕಾರ 1987ರಲ್ಲಿ ನಿಷೇಧಿಸಿತು. ಕಾಲೇಜುಗಳಲ್ಲಿ ಪ್ರಾಣಿ ಛೇದನವನ್ನು ಹಂತಹಂತವಾಗಿ ಕೈಬಿಡುವಂತೆ ಯುಜಿಸಿ 2011ರಲ್ಲಿ ಸೂಚಿಸಿತು.

ಉಗುರುಗಪ್ಪೆ ಮಾತ್ರ ಪ್ರಯೋಗಾಲಯದಲ್ಲಿ ಉಳಿದುಕೊಂಡಿತು. ಜಾನ್ ಗರ್ಡನ್ ಆಕ್ಸ್‌ಫರ್ಡಿನಲ್ಲಿ ಬೆಳೆದ ಜೀವಕೋಶದ ಬೀಜಕೇಂದ್ರದಿಂದ ಹೊಸ ಕಪ್ಪೆಯನ್ನು ಪಡೆದದ್ದು ಇದರಲ್ಲೇ. ಆ ಕೆಲಸಕ್ಕೆ 2012ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗೆ ಪಡೆದ ಮರಿ ಸಹಜವಾಗಿದೆ ಎಂದು ತೋರಿಸಲು ಅದನ್ನು ಉಣಿಸಿ ಬೆಳೆಸಿ, ಪ್ರಾಯಕ್ಕೆ ತರಬೇಕಿತ್ತು. ಈಗ ಅದಕ್ಕೆ ಪುಷ್ಟಿಕಾಂಶ ಅಳೆದು ಮಾಡಿದ ಗುಳಿಗೆಗಳು ಅಂಗಡಿಯಲ್ಲೇ ಸಿಗುತ್ತವೆ.

ಸಿಕ್ಕಿದ್ದನ್ನೆಲ್ಲ ತಿನ್ನುವ ಈ ಗುಣ ಹೊರಗೆ ಮುಳುವೂ ಆಗಿದೆ. ಪ್ರಯೋಗಾಲಯದಿಂದಲೋ ಸಾಕಿದವರ ಮನೆಯಿಂದಲೋ ಹೊರಬಿದ್ದ ಉಗುರುಗಪ್ಪೆಗಳು ಕ್ಯಾಲಿಫೋರ್ನಿಯ, ಚಿಲಿ, ಫ್ರಾನ್ಸ್‌ಗಳ ಕೆರೆಕುಂಟೆಗಳಲ್ಲಿ ನೆಲೆಸಿ ಅಲ್ಲಿನ ಜೀವಿಗಳನ್ನು ಕಬಳಿಸುತ್ತಿವೆ.

ಇನ್ನೊಂದೆಡೆ, ಕಪ್ಪೆಗೆ ಏನು ತಿನ್ನಿಸಬೇಕೆಂಬ ಜ್ಞಾನ ಈಗ ಕಪ್ಪೆಗಳನ್ನು ಉಳಿಸುವ ಕೆಲಸಕ್ಕೂ ಬೇಕಾಗಿದೆ. ಅಮೆರಿಕದ ವಯೋಮಿಂಗ್ ನೆಲಗಪ್ಪೆ ತನ್ನ ನೆಲೆಯಲ್ಲಿ ಬಹುತೇಕ ಅಳಿದು, ಸಾಕುಕೇಂದ್ರಗಳಲ್ಲಿ ಉಳಿದಿದೆ. ಅಲ್ಲಿ ಕೆಲವು ಕಪ್ಪೆಗಳು ನಾಲಿಗೆ ಚಾಚಿದರೂ ಹುಳು ಹಿಡಿಯಲಾರದೆ ಸೊರಗಿದವು. ಪರೀಕ್ಷಿಸಿದಾಗ ಕಂಡದ್ದು ವಿಟಮಿನ್ 'ಎ' ಕೊರತೆ. ಒಂದು ಜೀವಜಾತಿ ಉಳಿಯುವುದು ಅಳಿಯುವುದು ಕೆಲವೊಮ್ಮೆ ಅದರ ಮುಂದಿಟ್ಟ ಹುಳು ಏನು ತಿಂದಿತ್ತು ಎಂಬುದರ ಮೇಲೂ ನಿಂತಿರುತ್ತದೆ.