ರಾಗಿ, ಜೋಳ, ಸಜ್ಜೆ: ಆಫ್ರಿಕಾದಿಂದ ಭಾರತಕ್ಕೆ

ಕರ್ನಾಟಕದ ಮಳೆಯಾಶ್ರಿತ ಹೊಲಗಳ ಮುಖ್ಯ ಬೆಳೆಗಳಾದ ರಾಗಿ, ಜೋಳ, ಸಜ್ಜೆ, ಅಲಸಂದೆ, ಅವರೆ ಇವೆಲ್ಲ ಮೂಲತಃ ಆಫ್ರಿಕಾದವು. ಜೋಳವನ್ನು ಬೇಸಾಯಕ್ಕೆ ಪಳಗಿಸಿದ್ದು ಪೂರ್ವ ಸುಡಾನಿನ ಬಯಲಿನಲ್ಲಿ. ಅಲ್ಲಿ ಸಿಕ್ಕ ಸುಮಾರು 5,000 ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಹಾಗೇ ಉಳಿದಿದೆ. ಸಜ್ಜೆ ಸಹಾರಾದಂಚಿನ ಮಾಲಿ ಕಡೆಯದು. ರಾಗಿಯ ತವರು ಇಥಿಯೋಪಿಯಾ, ಉಗಾಂಡಾಗಳ ಎತ್ತರದ ನಾಡು.

ಇವು ಕ್ರಿ.ಪೂ. 2000ರ ನಂತರದ ಶತಮಾನಗಳಲ್ಲಿ ಒಂದೊಂದಾಗಿ ಭಾರತಕ್ಕೆ ಬಂದವು. ತಂದವರು ದೊರೆಗಳಲ್ಲ, ದೊಡ್ಡ ವರ್ತಕರೂ ಅಲ್ಲ. ಅರೇಬಿಯದ ದಕ್ಷಿಣ ಕರಾವಳಿಗುಂಟ ಸಣ್ಣ ದೋಣಿಗಳಲ್ಲಿ ಓಡಾಡುತ್ತಿದ್ದ ಜನ ಎಂಬುದೇ ಹೆಚ್ಚು ಒಪ್ಪುವ ಮಾತು. ಅಂಥ ಪಯಣಕ್ಕೆ ರಾಗಿಯಷ್ಟು ಹೊಂದುವ ಕಾಳು ಅಪರೂಪ. ಒಂದು ಕಿಲೋದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಬೀಜ. ಒಣಗಿಸಿಟ್ಟರೆ ಹುಳ ಹಿಡಿಯುವುದಿಲ್ಲ. ನಮ್ಮ ಹಳ್ಳಿಗಳ ಹಗೇವುಗಳಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು.

ಬಂದ ಬೆಳೆ ನೆಲೆಯೂರಲು ಮಳೆಗಾಲವೂ ಕೂಡಿಬರಬೇಕು. ಸಿಂಧೂ ಬಯಲಿನ ಗೋಧಿ, ಬಾರ್ಲಿ ಚಳಿಗಾಲದ ಬೆಳೆಗಳು. ದಖ್ಖನಿನಲ್ಲಿ ಅವು ಹೆಚ್ಚು ಹರಡಲಿಲ್ಲ. ಆಫ್ರಿಕಾದವಾದರೋ ಮುಂಗಾರಿನ ಮಳೆಗೆ ಸಲೀಸಾಗಿ ಒಗ್ಗಿದವು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೂದಿದಿಬ್ಬಗಳ (ಸುಟ್ಟ ಸಗಣಿಯ ಗುಡ್ಡೆಗಳ) ಕಾಲದ ನವಶಿಲಾಯುಗದ ರೈತರು ಆಗಲೇ ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರು. ಬೇಸಾಯ ಬಲ್ಲ ಆ ಕೈಗಳಿಗೆ ಹೊಸ ಬೀಜ ಸಿಕ್ಕಿತು ಎನ್ನುವುದೇ ಸರಿ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ನವಶಿಲಾಯುಗದ ನೆಲೆಯಲ್ಲಿ, ಸಜ್ಜೆ ಮತ್ತು ಅವರೆಯ ಸುಟ್ಟ ಕಾಳುಗಳು ದೊರೆತಿವೆ. ರಾಗಿಯ ವಿಷಯದಲ್ಲಿ ಎಚ್ಚರ ಬೇಕು: ಹಳೆಯ ಉತ್ಖನನ ವರದಿಗಳು ರಾಗಿ ಎಂದು ಗುರುತಿಸಿದ್ದ ಎಷ್ಟೋ ಕಾಳುಗಳು ಮರುಪರೀಕ್ಷೆಯಲ್ಲಿ ಬೇರೆ ಹುಲ್ಲುಜಾತಿಯವೆಂದು ತಿಳಿದುಬಂದವು.

ಇದು ಒಮ್ಮುಖದ ಸಾಗಾಟವಾಗಿರಲಿಲ್ಲ. ಏಷ್ಯಾದಿಂದ ಬಾಳೆ, ಕೆಸು, ಡುಬ್ಬದ ದನಗಳು ಆಫ್ರಿಕಾಕ್ಕೆ ಹೋದವು.

ಹದಿನಾರನೆಯ ಶತಮಾನದ ಹೊತ್ತಿಗೆ ರಾಗಿ ಇಲ್ಲಿ ಎಷ್ಟು ಬೇರೂರಿತ್ತೆಂದರೆ, ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅದನ್ನು ಬತ್ತದ ಎದುರು ವಾದಕ್ಕೆ ನಿಲ್ಲಿಸಿ ಗೆಲ್ಲಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ತವರಿನ ನಂಟು ಮತ್ತೆ ಕೂಡಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಾಡರಾಗಿಯೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. 1970ರ ದಶಕದಿಂದ ರೈತರ ಕೈಸೇರಿದ ಈ ತಳಿಗಳು ರಾಜ್ಯದ ರಾಗಿ ಇಳುವರಿಯನ್ನು ಗಣನೀಯವಾಗಿ ಹೆಚ್ಚಿಸಿದವು.