ಕಾವಿಲ್ಲದ ಚರಿತ್ರೆ

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ನಮ್ಮವರ ಮೇಲೆ ಬೀಸಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಓದಿ ನೌಕರಿ ಹಿಡಿದವನಿರಲಿ, ಚುನಾವಣೆಗೆ ನಿಂತವನಿರಲಿ, ಕೇರಿ ದಾಟಿದ ಕೂಡಲೇ ಈ ಮಾತು ಬೆನ್ನಿಗೆ ಬೀಳುತ್ತದೆ. ಗಾದೆಯಲ್ಲಿ ಮರ ಕಡಿದ ಪಾಪವೆಲ್ಲ ಕಾವಿನದು. ಕಬ್ಬಿಣದ ಮಾತಿಲ್ಲ, ಬೀಸಿದ ಕೈಯ ಮಾತಂತೂ ಇಲ್ಲವೇ ಇಲ್ಲ. ಚರಿತ್ರೆಯ ಪುಸ್ತಕಗಳಲ್ಲಿ ಇದರ ತಿರುವುಮುರುವು. ಅಲ್ಲಿ ಕೀರ್ತಿಯೆಲ್ಲ ಅಲಗಿನದು, ಕಾವೇ ಇಲ್ಲ.

ನಮ್ಮಪ್ಪ ಕಾವು ಹಾಕುವುದರಲ್ಲಿ ಹೆಸರಾದವನು. ಕಂಬಾರರ ಕುಲುಮೆಯಿಂದ ಬಂದ ಕೊಡಲಿ, ಮಚ್ಚು, ಕತ್ತಿ ನಮ್ಮ ಜಗಲಿ ಮೇಲೆ ಬಿದ್ದಿರುತ್ತಿದ್ದವು. ದಿಂಡಿಗದ ಇಲ್ಲವೆ ಜಾಲಿಯ ತುಂಡನ್ನು ನೆರಳಲ್ಲಿ ಒಣಗಿಸಿ, ಎಳೆ ನೇರ ಇದೆಯೋ ಇಲ್ಲವೋ ಕಣ್ಣಿಗೆ ಹಿಡಿದು ನೋಡಿ, ಕೆತ್ತಿ, ಕೊಡಲಿಯ ತೂತಿಗೆ ಬಿಗಿಯಾಗಿ ಕೂರಿಸಿ ಬೆಣೆ ಹೊಡೆಯುತ್ತಿದ್ದ. ಕತ್ತಿಯದು ಬೇರೆ ಕೆಲಸ. ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಮರದ ಹಿಡಿಯೊಳಗೆ ಸುಟ್ಟು ದಾರಿ ಮಾಡಬೇಕು. ಇಟ್ಟಿಗೆ ಪುಡಿ ಬೆರೆಸಿದ ಅರಗು ತುಂಬಿ, ಬಿಸಿ ಬಾಲವನ್ನು ಮತ್ತೆ ಒತ್ತಿ, ಹಿಡಿಯ ಬಾಯಿಗೆ ಬಳೆ ಬಿಗಿಯಬೇಕು. ಆಮೇಲೆ ಸಾಣೆ. “ಅಲಗು ಕಂಬಾರ್ರದು ಕಣ್ಲಾ ಮಗಾ, ಕೈ ಉಳಿಯಾದು ಹಿಡಿಯಿಂದ” ಅಂತಿದ್ದ.

ಇಷ್ಟಾದರೂ ಅಪ್ಪ ಕುಲುಮೆಯ ಒಳಗೆ ಕಾಲಿಡುವಂತಿರಲಿಲ್ಲ. ಆ ಕುಲುಮೆಯ ತಿದಿ ಮಾತ್ರ ನಮ್ಮ ಕೇರಿಯಲ್ಲಿ ಹದವಾದ ತೊಗಲಿನದು. ತೊಗಲು ಒಳಗೆ, ಹದ ಮಾಡಿದವನು ಹೊರಗೆ. ಊರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನಗೂ ಕಂಡದ್ದು ಬಹಳ ತಡವಾಗಿ, ಪಟ್ಟಣದ ಒಂದು ವಸ್ತುಸಂಗ್ರಹಾಲಯದ ಗಾಜಿನ ಮುಂದೆ ನಿಂತಾಗ.

ಗಾಜಿನೊಳಗೆ ಡಮಾಸ್ಕಸ್ ಉಕ್ಕಿನ ಕತ್ತಿ. ಅಲಗಿನ ಮೇಲೆ ಹರಿವ ನೀರಿನಂಥ ಗೆರೆಗಳು. ಚೀಟಿಯಲ್ಲಿ ರಾಜನ ಹೆಸರಿತ್ತು, ಶತಮಾನವಿತ್ತು. ಡಮಾಸ್ಕಸ್ ಸಿರಿಯಾದ ಪಟ್ಟಣ. ಉಕ್ಕಿಗೆ ಅದರ ಹೆಸರು ಅಂಟಿದೆ. ಆದರೆ ಪಶ್ಚಿಮ ಏಷ್ಯಾದ ಕಮ್ಮಾರರು ಬಡಿದ ಇಂಥ ಅಲಗುಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ದಕ್ಷಿಣ ಭಾರತದಿಂದಲೂ ಹೋಗುತ್ತಿದ್ದವು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿ, ತೆಲಂಗಾಣದ ಕೋನಸಮುದ್ರಂ, ತಮಿಳುನಾಡಿನ ಮೇಲ್‌ಸಿರುವಲೂರು, ಇಲ್ಲೆಲ್ಲ ಉಕ್ಕು ಕರಗಿಸಿದ ಮೂಸೆಯ ಚೂರುಗಳು ಸಿಕ್ಕಿವೆ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಉಕ್ಕನ್ನು ಕುರಿತು ಬರೆದ. ಅವನು ಕೊಟ್ಟ ಹೆಸರು ‘ವುಟ್ಜ್’. ಅದು ನಮ್ಮ ‘ಉಕ್ಕು’ ಎಂಬ ಮಾತೇ ಕೆಟ್ಟು ಆದದ್ದು ಎಂದು ಹಲವರು ಹೇಳುತ್ತಾರೆ. ಅದು ತಯಾರಾದದ್ದು ಬೊಂಬಾಯಿಯಲ್ಲಿ ಎಂದು ಲೇಖನದ ತಲೆಬರಹದಲ್ಲೇ ಬರೆದುಬಿಟ್ಟ. ಮಾಡಿದವರ ಹೆಸರಂತೂ ಹೋಗಲಿ, ಊರಿನ ಹೆಸರೂ ಉಳಿಯಲಿಲ್ಲ.

೧೮೦೦-೦೧ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇನ್ನಷ್ಟು ಹತ್ತಿರ ಬಂದ. ಮಣ್ಣಿನ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ, ಬಾಯಿಗೆ ಮೆತ್ತಿದ ಮಣ್ಣು, ಸರದಿ ಮೇಲೆ ತಿದಿ ಒತ್ತುವ ಆಳುಗಳು, ಎಲ್ಲವನ್ನೂ ೧೮೦೭ರಲ್ಲಿ ಅಚ್ಚಾದ ಪುಸ್ತಕದಲ್ಲಿ ದಾಖಲಿಸಿದ. ಕಬ್ಬಿಣ ಕರಗಿಸುವ ಕಡೆ ಇದ್ದಿಲು ಸುಡುವವರೆಷ್ಟು, ತಿದಿಯವರೆಷ್ಟು, ಯಾರ ಪಾಲೆಷ್ಟು ಎಂದೂ ಲೆಕ್ಕ ಹಾಕಿದ. ಕಂಪನಿಗೆ ಬೇಕಿದ್ದದ್ದು ಲೆಕ್ಕ. ಹೆಸರು ಬೇಕಿರಲಿಲ್ಲ.

ಆಮೇಲೆ ವಿಲಾಯತಿಯ ಅಗ್ಗದ ಉಕ್ಕು ಬಂತು. ಕಾಡಿಗೆ ಸರ್ಕಾರದ ಕಾನೂನು ಬಂದು ಇದ್ದಿಲು ದುಬಾರಿಯಾಯಿತು. ೧೮೭೮ರಲ್ಲಿ ಶಸ್ತ್ರ ಕಾಯ್ದೆ ಬಂತು. ಮೂಸೆಗಳು ಆರಿದವು. ೧೯೨೩ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸ ಶುರುಮಾಡುವ ಹೊತ್ತಿಗೆ ಹಳೆಯ ವಿದ್ಯೆ ಹೆಚ್ಚುಕಡಿಮೆ ನೆನಪಾಗಿತ್ತು. ಈಗ ಡಮಾಸ್ಕಸ್ ಹೆಸರಿನಲ್ಲಿ ಮಾರುವ ಚಾಕು, ಕೊಡಲಿಗಳು ಬಹುಪಾಲು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಮಾಡಿದವು. ಹಳೆಯದರಲ್ಲಿ ಬೆಸುಗೆಯೇ ಇರಲಿಲ್ಲ. ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲವಿದ್ದ ಒಂದೇ ಗಟ್ಟಿಯನ್ನು ಹದವರಿತ ಬಿಸಿಯಲ್ಲಿ ಮತ್ತೆ ಮತ್ತೆ ಬಡಿದಾಗ ಗೆರೆ ಒಳಗಿಂದಲೇ ಮೂಡುತ್ತಿತ್ತು. ಉಜ್ಜಿ ನಯಮಾಡಿ, ಹುಳಿ ತಾಗಿಸಿದರೆ ಅದು ಕಣ್ಣಿಗೆ ಕಾಣುತ್ತಿತ್ತು.

ಈಗ ‘ನಮ್ಮ ಪ್ರಾಚೀನ ಉಕ್ಕು’ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ನನ್ನ ತಕರಾರು ಉಕ್ಕಿನ ಮೇಲಲ್ಲ, ಆ ‘ನಮ್ಮ’ ಎಂಬ ಮಾತಿನ ಮೇಲೆ. ಜಾತಿ ಎನ್ನುವುದು ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದು ಅಂಬೇಡ್ಕರ್ ೧೯೩೬ರಲ್ಲೇ ‘ಜಾತಿ ವಿನಾಶ’ದಲ್ಲಿ ಹೇಳಿದ್ದರು. ಒಂದು ಕೊಡಲಿಯಲ್ಲಿ ಇದ್ದಿಲಿನವರ, ತೊಗಲಿನವರ, ಸುತ್ತಿಗೆಯವರ, ಕಾವಿನವರ ದುಡಿಮೆ ಒಂದಾಗಿದೆ. ಕೊಡಲಿಯಲ್ಲಿ ಒಂದಾದವರು ಊರಿನಲ್ಲಿ ಒಂದು ಬಾವಿಯ ನೀರು ಕುಡಿಯಲಿಲ್ಲ. ಪ್ರಾಚೀನ ವಿಜ್ಞಾನದ ಭಾಷಣಗಳಲ್ಲಿ ಈ ಮಾತು ಯಾಕೆ ಬರುವುದಿಲ್ಲ?

ಮರ ಗೆದ್ದಲು ತಿಂದು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ, ಅದಕ್ಕೇ ಚರಿತ್ರೆ ಹೀಗೆ ಎನ್ನಬಹುದು. ಪೂರ್ತಿ ನಿಜವಲ್ಲ. ಮಾದಾರ ಚೆನ್ನಯ್ಯನ ಹೆಸರಿನಲ್ಲಿ ಬಂದಿರುವ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟಗಳಿವೆ. ಕಸುಬಿನವನು ತನ್ನ ಹತಾರವನ್ನೇ ರುಜುವಾಗಿ ಹಾಕಿದ್ದಾನೆ. ನಮ್ಮ ವಿಮರ್ಶೆ ಅದರಲ್ಲಿ ಅಧ್ಯಾತ್ಮ ಹುಡುಕಿತೇ ಹೊರತು ಆ ಉಳಿಯನ್ನು ಮುಟ್ಟಿ ನೋಡಲಿಲ್ಲ. ಅತ್ತ ಅಮೆರಿಕದಲ್ಲಿ, ೧೯೯೮ರಲ್ಲಿ, ಹಳೆಯ ಡಮಾಸ್ಕಸ್ ಗೆರೆಗಳಿಗೆ ಉಕ್ಕಿನಲ್ಲಿದ್ದ ವನೇಡಿಯಂನಂಥ ಧಾತುಗಳ ಸೋಂಕು ಕಾರಣವೆಂದು ತೋರಿಸಿದ ಲೇಖನ ಬಂತು. ಅದರಲ್ಲಿ ಪ್ರೊಫೆಸರ್ ವರ್ಹೋವೆನ್ ಜೊತೆಗೆ ಅಲಗು ಬಡಿಯುತ್ತಿದ್ದ ಕಮ್ಮಾರ ಪೆಂಡ್ರೆಯ ಹೆಸರೂ ಲೇಖಕನಾಗಿ ಅಚ್ಚಾಗಿದೆ. ಹಾಗಾದರೆ ಇದು ಆಗದ ಕೆಲಸವೇನಲ್ಲ.

ಅಪ್ಪ ಹೋದ ಮೇಲೆ ಅವನ ಕೊಡಲಿ ನನ್ನ ಹತ್ತಿರ ಇದೆ. ಕಾವು ಸಡಿಲವಾಗಿದೆ. ಬೆಣೆ ಹೊಡೆಯಲು ಹೋಗಿ ಎರಡು ಸಲ ಸೀಳಿಸಿದೆ. ಎಂ.ಎ. ಮಾಡಿದ ಕೈಗೆ ಅದು ಬರಲಿಲ್ಲ. ಕೇಳಿ ಕಲಿಯೋಣವೆಂದರೆ ಈಗ ಅಪ್ಪನಿಲ್ಲ. ಈ ಸಂಚಿಕೆ ಓದುವ ಗೆಳೆಯರೇ, ನಿಮ್ಮ ಕೇರಿಯಲ್ಲಿ ಕಾವು ಹಾಕುವವರು, ತಿದಿ ಹೊಲಿದವರು, ಇದ್ದಿಲು ಸುಟ್ಟವರು ಇನ್ನೂ ಇದ್ದರೆ ಹೋಗಿ ಕೂತು ಕೇಳಿ. ಅವರಾಡುವ ಮಾತನ್ನು ಅವರ ಹೆಸರಿನ ಸಮೇತ ಬರೆದಿಟ್ಟುಕೊಳ್ಳಿ.